ಖಾಲಿಯಾಗುತ್ತಿದ್ದ ಬಟ್ಟಲು

ಅಮ್ಮನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಮರೆಯಾಗುವವರೆಗೂ ಕಡ್ಡಿ ಎಂಬ ಹುಡುಗಿ ಚಮಚವನ್ನು ಬಾಯಲ್ಲೇ ಕಚ್ಚಿಕೊಂಡಿದ್ದಳು. ಆಮೇಲೆ ಬಟ್ಟಲನ್ನು ತಾತನ ಕಡೆಗೆ ತಳ್ಳಿದಳು.

"ತಾತಾ, ಪ್ಲೀಸ್. ಇವತ್ತೊಂದಿನ."

"ನಿನ್ನೇನೂ ಇದನ್ನೇ ಅಂದಿದ್ದೆ."

"ಥೂ, ಇದನ್ನ ಹೆಂಗೆ ತಿನ್ನೋದು? ಖಾರ ಇಲ್ಲ, ಕುರುಂ ಅನ್ನಲ್ಲ. ಗೋಂದು ತಿಂದಂಗಿದೆ!"

ಬಟ್ಟಲಲ್ಲಿ ಮೊಸರಿನ ಜೊತೆ ನುಣ್ಣಗೆ ಹಿಸುಕಿದ ಮೊಟ್ಟೆಯಿತ್ತು. ಪಕ್ಕದ ಲೋಟದಲ್ಲಿ ಬೇಯಿಸಿ ಸೋಸಿದ ಬೇಳೆ. ತಾತ ಬಾಗಿಲ ಕಡೆ ಒಮ್ಮೆ ನೋಡಿದ, ಬಟ್ಟಲ ಕಡೆ ಒಮ್ಮೆ ನೋಡಿದ. ಅವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮೆತ್ತಗಿನದು ಕಂಡರೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

"ವೇಸ್ಟ್ ಮಾಡಬಾರದಲ್ಲ," ಎಂದು ಚಮಚ ಎತ್ತಿಕೊಂಡ. ಒಂದು ಕಾಲಕ್ಕೆ ಬಸ್ ಕಂಡಕ್ಟರಾಗಿದ್ದವನು. "ಹೋಗಲಿ, ರೈಟ್!"

ಕಡ್ಡಿ ಎನ್ನುವುದು ಸ್ಕೂಲಿನಲ್ಲಿ ಗೆಳತಿಯರು ಇಟ್ಟ ಹೆಸರು. ಟೈಫಾಯ್ಡ್ ಬಂದು ಹೋದ ಮೇಲೆ ಆ ಹೆಸರಲ್ಲಿ ತಮಾಷೆ ಉಳಿದಿರಲಿಲ್ಲ. ಜ್ವರ ಬಿಟ್ಟಿತ್ತು, ಸುಸ್ತು ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಕಾಲು ನಡುಗುತ್ತಿತ್ತು. ಕಥೆ ಪುಸ್ತಕ ಹಿಡಿದರೆ ಎರಡು ಪುಟಕ್ಕೇ ಕೈ ಸೋಲುತ್ತಿತ್ತು. ಇಡೀ ದಿನ ಕಿಟಕಿಯ ಬಳಿ ಮಲಗಿ ಎದುರು ಗೋಡೆಯ ಮೇಲೆ ಬಿಸಿಲು ಜರುಗುವುದನ್ನು ನೋಡುವುದೇ ಕೆಲಸವಾಗಿತ್ತು.

"ಕರುಳು ಇನ್ನೂ ಹಸಿ ಗಾಯದ ಹಾಗಿದೆ," ಎಂದಿದ್ದರು ಡಾಕ್ಟರಮ್ಮ. "ಮೆತ್ತಗಿರೋದನ್ನೇ ಕೊಡಿ. ಆದರೆ ಪ್ರೋಟೀನ್ ಚೆನ್ನಾಗಿರಲಿ. ಮೈಗೆ ಶಕ್ತಿ ಬಂದ ಮೇಲೇ ಸ್ಕೂಲು."

ಅಂದಿನಿಂದ ಅಮ್ಮ ನಸುಕಿನಲ್ಲೇ ಎದ್ದು ಬೇಯಿಸುವುದು, ಹಿಸುಕುವುದು, ಸೋಸುವುದು ಮಾಡಿ ಕೆಲಸಕ್ಕೆ ಓಡುತ್ತಿದ್ದಳು. ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಇಡೀ ದಿನ ನಿಂತೇ ಇರಬೇಕು. ಅಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ.

ಸಂಜೆ ಬಂದವಳೇ ಅಮ್ಮ ಮೊದಲು ನೋಡುತ್ತಿದ್ದುದು ಬಟ್ಟಲನ್ನು. ಖಾಲಿ ಕಂಡರೆ ಅವಳ ಮುಖ ಅರಳುತ್ತಿತ್ತು. "ಎಲ್ಲಾ ತಿಂದ್ಯಾ? ನನ್ನ ಬಂಗಾರ!" ಆಗ ಕಡ್ಡಿ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು.

ಆ ಶನಿವಾರ ಮೂವರೂ ಕ್ಲಿನಿಕ್ಕಿಗೆ ಹೋದರು. ತಾತನಿಗೂ ಬಿಪಿ ನೋಡಿಸಬೇಕಿತ್ತು.

ಕಡ್ಡಿ ತೂಕದ ಯಂತ್ರದ ಮೇಲೆ ನಿಂತಳು. ಡಾಕ್ಟರಮ್ಮ ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು. "ಇಳಿದು ಮತ್ತೆ ಹತ್ತು ಮರಿ." ಮುಳ್ಳು ಮತ್ತೆ ಅಲ್ಲೇ ನಿಂತಿತು.

"ಇನ್ನೂ ಕಮ್ಮಿಯಾಗಿದ್ದಾಳಲ್ಲಮ್ಮಾ! ಹೀಗೇ ಆದರೆ ಅಡ್ಮಿಟ್ ಮಾಡಬೇಕಾಗುತ್ತೆ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ನೀವು ಹೇಳಿದ್ದನ್ನೇ ಕೊಡ್ತಿದೀನಿ ಡಾಕ್ಟ್ರೇ. ಎಲ್ಲಾ ತಿಂತಾಳೆ ಪಾಪ, ಒಂದು ಚಮಚಾನೂ ಬಿಡಲ್ಲ. ನಾನೇ ಏನೋ ಸರಿಯಾಗಿ ಮಾಡ್ತಿಲ್ಲ ಅನ್ಸುತ್ತೆ. ಕೆಲಸಕ್ಕೆ ಹೋಗೋ ಗಡಿಬಿಡೀಲಿ..."

ಕಡ್ಡಿ ನೆಲ ನೋಡಿದಳು. ತಾತ ಚಾವಣಿ ನೋಡಿದ.

ತಾತನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ ಡಾಕ್ಟರಮ್ಮ ನಕ್ಕರು. "ಏನು ಕಂಡಕ್ಟರ್ ಸಾಹೇಬ್ರೇ, ಕೆನ್ನೆ ತುಂಬಿಕೊಂಡಿದೆ! ಏನು ವಿಶೇಷ?"

ತಾತ ಕೆಮ್ಮಿದ. ಅಮ್ಮ ಮೆಲ್ಲಗೆ ತಿರುಗಿ ಅವನ ಕೆನ್ನೆ ನೋಡಿದಳು. ಆಮೇಲೆ ಕಡ್ಡಿಯ ಕೆನ್ನೆ ನೋಡಿದಳು.

"ಅಪ್ಪಾ?"

"ಅದು... ವೇಸ್ಟ್ ಆಗುತ್ತಲ್ಲಾ ಅಂತ ಮಗಳೇ..."

"ತಾತಂದೇನೂ ತಪ್ಪಿಲ್ಲ," ಎಂದಳು ಕಡ್ಡಿ. "ನಾನೇ ದಿನಾ ತಳ್ತಿದ್ದೆ."

ಅಮ್ಮ ಬೈಯುತ್ತಾಳೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಡೀರಿ, ಬಸ್ ಹೋಗುತ್ತೆ," ಎಂದಷ್ಟೇ ಹೇಳಿ ಅಮ್ಮ ಚೀಲ ಎತ್ತಿಕೊಂಡಳು.

ಮನೆ ಸೇರಿದ ಕೂಡಲೇ ತಾತ ತನ್ನ ಕೋಣೆ ಸೇರಿಕೊಂಡ. ಅಮ್ಮ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಹೋಗಿ ಮೊಟ್ಟೆ ಬೇಯಲಿಟ್ಟಳು. ಕಡ್ಡಿ ಹಾಸಿಗೆಯ ಮೇಲೆ ಕುಳಿತು ಕಾದಳು. ನೀರು ಕುದಿಯುವ ಸದ್ದು ಕೇಳಿತು, ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಗೋಡೆ ಹಿಡಿದುಕೊಂಡು ಹೋಗಿ ನೋಡಿದಳು. ಅಮ್ಮ ಸ್ಟೂಲಿನ ಮೇಲೆ ಕುಳಿತು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅಂಗೈಯಲ್ಲಿ ಅರ್ಧ ಸುಲಿದ ಮೊಟ್ಟೆ. ಬೆರಳುಗಳ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆಗಳು, ಅವುಗಳಿಗೆ ಅಂಟಿದ ಸಿಪ್ಪೆಯ ಚೂರುಗಳು.

ಕಡ್ಡಿ ಮೊಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡಳು. ಸಿಪ್ಪೆ ಸುಲಿದಳು, ಮೊಸರು ಹಾಕಿದಳು, ಫೋರ್ಕಿನಿಂದ ಹಿಸುಕತೊಡಗಿದಳು. ಹಳದಿ ಬೇಗ ಕರಗಿತು, ಬಿಳಿ ಮಾತ್ರ ಜಾರಿ ಜಾರಿ ಹೋಯಿತು. ಮಣಿಕಟ್ಟು ನೋಯತೊಡಗಿತು. ಸ್ವಲ್ಪ ಹೊತ್ತು ನಿಂತು ಉಸಿರು ಎಳೆದುಕೊಂಡು ಮತ್ತೆ ಹಿಸುಕಿದಳು. ಎಷ್ಟು ಮಾಡಿದರೂ ಗಂಟುಗಳು ಉಳಿದೇ ಉಳಿದವು.

ಅಮ್ಮ ಮಾಡಿದ್ದರಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ಒಂದು ದಿನವೂ ಇರುತ್ತಿರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕುಳಿತು ತಿನ್ನತೊಡಗಿದಳು. ರುಚಿ ಮೊದಲಿನ ಹಾಗೇ ಸಪ್ಪಗಿತ್ತು. ಚಮಚ ಬಟ್ಟಲಿಗೆ ತಾಗಿ ಸದ್ದಾಗದಂತೆ ಬದಿಯಿಂದ ಮೆಲ್ಲಗೆ ಎತ್ತಿಕೊಂಡಳು.

ಅಮ್ಮ ನಿದ್ದೆಯಲ್ಲೇ ಒಮ್ಮೆ ಮಿಸುಕಿದಳು. ಕಡ್ಡಿಯ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಅಮ್ಮನ ಉಸಿರು ಮತ್ತೆ ನಿಧಾನವಾಗುವವರೆಗೂ ಕಾದಳು. ಆಮೇಲೆ ಬಾಯಿ ತೆರೆದಳು.