ಹಳದಿ ದೀಪ ಆರುವವರೆಗೆ

"ಮುಟ್ಬೇಡಿ!"

ಜಾಕ್ ಹಿಡಿದು ಕಾರಿನ ಪಕ್ಕ ಕೂತಿದ್ದವನು ಬೆಚ್ಚಿ ತಲೆಯೆತ್ತಿದ.

"ನಾನು ಗುರುತು ಹಾಕೋವರೆಗೂ ಒಂದು ನಟ್ಟೂ ಬಿಚ್ಚಬೇಡಿ" ಎಂದಳು ರಂಜನಿ. ಬ್ಯಾಗಿನಿಂದ ಕೆಂಪು ನೇಲ್ ಪಾಲಿಶ್ ತೆಗೆದು, ಅದಲುಬದಲಾಗಬಾರದೆಂದು ನಾಲ್ಕು ಟೈರಿಗೂ ಸ್ಟೆಪ್ನಿಗೂ ಒಂದೊಂದು ಬೊಟ್ಟಿಟ್ಟಳು.

ಹಾಸನದ ಬಿ.ಎಂ. ರಸ್ತೆಯ ಆ ಟೈರ್ ಅಂಗಡಿಯಲ್ಲಿ ನಿಂತಿದ್ದವರೆಲ್ಲ ಕಿಸಕ್ಕೆಂದು ನಕ್ಕರು. ಅವನೊಬ್ಬ ನಗಲಿಲ್ಲ.

"ಹಾಕ್ಕಳಿ ಮೇಡಂ. ಕಷ್ಟಪಟ್ಟು ಗಾಡಿ ಮಡಗಿರೋರು ಗುರುತು ಹಾಕ್ಕಂಡ್ರೆ ತಪ್ಪೇನೈತೆ? ಈ ಕಡೆದು ಸರ್ಯಾಗಿ ಅಂಟಿಲ್ಲ, ಇನ್ನೊಂದ್ ಸತಿ ಹಚ್ಚಿ."

ಜಗಳಕ್ಕೆ ಸೆರಗು ಕಟ್ಟಿಕೊಂಡು ಬಂದವಳಿಗೆ ಎದುರಾಳಿಯೇ ಸಿಗದಿದ್ದರೆ ಹೇಗಾಗಬೇಡ! ರಂಜನಿ ತಬ್ಬಿಬ್ಬಾದಳು. ಅವನ ಹೆಸರು ಮನು ಎಂದು ಅಂಗಡಿಯ ಮಾಲೀಕ ಷಡಕ್ಷರಿ ಕೂಗಿ ಕರೆದಾಗ ಗೊತ್ತಾಯಿತು.

ಅವಳನ್ನು ಬೈಯಬೇಡಿ. ಹುಟ್ಟುತ್ತಲೇ ಯಾರೂ ಅನುಮಾನದ ಪಿಶಾಚಿಯಾಗಿರುವುದಿಲ್ಲ. ಎರಡು ವರ್ಷದ ಹಿಂದೆ ಅರಕಲಗೂಡಿನ ಜಯಂತ್ ಎಂಬುವನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ಅವನು ತೋರಿಸಿದ ಡಿಗ್ರಿ ಮಾರ್ಕ್ಸ್‌ಕಾರ್ಡು ಅವನ ಅಣ್ಣನದ್ದು ಎಂದು ಗೊತ್ತಾಗುವ ಹೊತ್ತಿಗೆ ಲಗ್ನಪತ್ರಿಕೆಯೇ ಅಚ್ಚಾಗಿಬಿಟ್ಟಿತ್ತು! ಅಂದಿನಿಂದ ಅವಳು ಯಾರನ್ನೂ ನಂಬಿದವಳಲ್ಲ. ಸೋದರಮಾವ ಬಳಸಿಬಿಟ್ಟ ದೊಡ್ಡ ಬಿಳಿ ಫಾರಿನ್ ಕಾರನ್ನು ತೆಗೆದುಕೊಂಡು, ಬೇಲೂರು-ಹಳೇಬೀಡು ನೋಡಬರುವವರಿಗೆ ತಾನೇ ಓಡಿಸುತ್ತಿದ್ದಳು. 2009ರ ಹಾಸನದಲ್ಲಿ ಅಂಥ ಕಾರೂ ಅಪರೂಪ, ಅದನ್ನು ಓಡಿಸುವ ಹೆಣ್ಣೂ ಅಪರೂಪ.

ಘಾಟಿಯ ಗುಂಡಿಗೆ ಬಿದ್ದು ಎರಡು ವೀಲ್ ಬಿರುಕು ಬಿಟ್ಟಿದ್ದವು. ಅದೇ ಜೋಡಿ ಈಗ ಸಿಗದ್ದರಿಂದ ನಾಲ್ಕನ್ನೂ ಬದಲಾಯಿಸಬೇಕಿತ್ತು.

ಮನು ಒಂದು ಟೈರನ್ನು ರಿಮ್ಮಿನಿಂದ ಎಬ್ಬಿಸಿ ಒಳಗೆ ಬೆರಳಿಟ್ಟು ತೋರಿಸಿದ. ಗಾಳಿ ಹಾಕುವ ವಾಲ್ವಿನ ಬುಡಕ್ಕೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಗಡ್ಡೆಯೊಂದು ಅಂಟಿಕೊಂಡಿತ್ತು.

"ಇದೇ ಸೆನ್ಸರ್ರು. ಗಾಳಿ ಕಮ್ಮಿಯಾದ್ರೆ ನಿಮ್ಮುಂದೆ ಹಳದಿ ದೀಪ ಹತ್ತಿಸೋದು ಇದೇಯ. ಒಳಗಡೆ ಬ್ಯಾಟ್ರಿ ಇರ್ತದೆ, ಅದನ್ನ ಬದಲಾಯಿಸಕ್ಕಾಗಲ್ಲ. ನಾಕ್ರಲ್ಲಿ ಎರಡು ಸತ್ತೋಗವೆ, ಉಳಿದಿದ್ದು ಇವತ್ತೋ ನಾಳೆಯೋ ಅಂತವೆ. ಎಂಗೂ ವೀಲ್ ಬಿಚ್ತಾ ಇದ್ದೀವಿ... ನಾಕೂ ಹೊಸದು ಹಾಕ್ಬುಟ್ರೆ ಮತ್ತೆ ಟೈರ್ ಎಬ್ಬಿಸೋ ಕೆಲ್ಸ ಇರಲ್ಲ."

'ಬಂತು ನೋಡು!' ಎಂದುಕೊಂಡಳು ರಂಜನಿ. 'ವೀಲ್ ಹಾಕಿಸೋಕೆ ಬಂದ್ರೆ ಇನ್ನೇನೋ ತಲೆಗೆ ಕಟ್ತಾನೆ!'

ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. "ನಾನ್ ಯೋಳ್ದೆ ಅಂತ ಹಾಕಿಸ್ಬ್ಯಾಡಿ. ಬೆಂಗ್ಳೂರಲ್ಲಿ ಇಚಾರಿಸಿ."

ವಿಚಾರಿಸಿದಳು. ಅಲ್ಲಿನ ಟೈರ್ ಅಂಗಡಿಯವನು ಹಾಕಿಸುವುದೇ ಒಳ್ಳೆಯದೆಂದ. ಜೊತೆಗೆ ಒಂದು ಹುಳವನ್ನೂ ಬಿಟ್ಟ. "ಹಳೇದನ್ನ ಮಾತ್ರ ಕೈಗೆ ಇಸ್ಕೊಳ್ಳಿ ಮೇಡಂ. ಚೆನ್ನಾಗಿರೋದನ್ನೇ ಸತ್ತಿದೆ ಅಂತ ಹೇಳಿ, ಇಟ್ಕೊಂಡು, ಇನ್ನೊಬ್ರಿಗೆ ಮಾರೋರಿದ್ದಾರೆ."

ಹೊಸ ಸೆನ್ಸರಿಗಾಗಿ ಹದಿನೈದು ದಿನ ಕಾಯಬೇಕಾಯಿತು. ಅಷ್ಟೂ ದಿನ ರಂಜನಿ "ಬಂತಾ?" ಎಂದು ಕೇಳುವ ನೆಪದಲ್ಲಿ ಅಂಗಡಿಗೆ ಹೋದಳು. ನೆಪ ಎಂದೆನಲ್ಲ, ಹೌದು, ನೆಪವೇ! ಫೋನ್ ಮಾಡಿದ್ದರೂ ಆಗುತ್ತಿತ್ತು. ಆದರೆ ಫೋನಿನಲ್ಲಿ, ಟೀ ಲೋಟವನ್ನು ಕೊಡುವ ಮುಂಚೆ ಗ್ರೀಸ್ ಹತ್ತಿದ ಕೈಯನ್ನು ಮೂರು ಸಲ ಒರೆಸಿಕೊಳ್ಳುವವನು ಕಾಣುವುದಿಲ್ಲವಲ್ಲ...

ಅವನು ಬಾಗೂರಿನ ಚನ್ನಪ್ಪನವರ ಮಗ. ಐ.ಟಿ.ಐ. ಓದಿದವನು. ಒಂದು ದಿನ ಅವಳು ಬಾಯಿಬಿಟ್ಟು ಜಯಂತನ ಕಥೆ ಹೇಳಿದಾಗ ಅವನು "ಪಾಪ" ಎನ್ನಲಿಲ್ಲ.

"ನಂದು ಎಸ್ಸೆಲ್ಸಿ ಎರಡ್ನೇ ಅಟೆಂಪ್ಟು ಮೇಡಂ. ಲೆಕ್ಕದಲ್ಲಿ ಮೂವತ್ತಾರು. ಕಾರ್ಡ್ ಬೇಕಾದ್ರೆ ನಾಳೆ ತತ್ತೀನಿ."

ಅವಳು ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ರಾತ್ರಿ ಮಲಗಿದಾಗ ಮಾತ್ರ ಹೆದರಿಕೆಯಾಯಿತು. 'ಇವನೂ ಮೋಸಗಾರನಾಗಿದ್ದರೆ? ಈ ಸಲ ನಾನು ಎದ್ದು ನಿಲ್ಲಲ್ಲ...'

ಶುಕ್ರವಾರ ಸೆನ್ಸರು ಬಂದಿವೆ ಎಂಬ ಸುದ್ದಿ ಸಿಕ್ಕಿತು. ಹೊಸ ವೀಲುಗಳಿಗೆ ಕೂರಿಸಿ, ಟೈರು ಹತ್ತಿಸಿ, ಅಂಗಡಿಯ ಪೂಜೆಯ ಕುಂಕುಮವನ್ನೇ ನಾಲ್ಕು ಚಕ್ರಕ್ಕೂ ಇಟ್ಟ ಮನು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರನ್ನು ಮುಂದೆ ಹೊರಡಿಸಿದ. ಅಷ್ಟರಲ್ಲಿ ಅವಳಿಗೊಂದು ಫೋನ್ ಬಂತು. ಸೋಮವಾರದ ಟೂರಿನ ಗಿರಾಕಿ. ಮಾತಾಡುತ್ತಲೇ ಅವಳು ರಸ್ತೆಯಂಚಿಗೆ ನಡೆದಳು.

"ಹಳೇ ನಾಕೂ ಡಿಕ್ಕೀಲಿ ಮಡಗಿವ್ನಿ ಮೇಡಂ" ಎಂದು ಮನು ಹಿಂದಿನಿಂದ ಕೂಗಿದ. ಅವಳು ತಲೆಯಾಡಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ತೆಗೆದು ನೋಡಲಿಲ್ಲ!

ಹೊರಡುವಾಗ ಕಿಟಕಿಗೆ ಬಾಗಿ ಹೇಳಿದ. "ದೀಪ ಈಗ್ಲೇ ಆರಲ್ಲ. ಹೊಸ ಸೆನ್ಸರ್‌ನ ಗಾಡಿ ಕಂಡ್ಕಬೇಕು. ಚನ್ರಾಯಪಟ್ಣದ ತಂಕ ಎಲ್ಲೂ ನಿಲ್ಲಿಸ್ದಂಗೆ ಒಂದೇ ಸಮ ಓಡ್ಸಿ. ತಾನಾಗೇ ಆರೋಯ್ತದೆ."

ಅವಳು ಓಡಿಸಲಿಲ್ಲ. ಎಚ್ಚರಿಕೆಯ ದೀಪ ಹೊತ್ತಿರುವ ಗಾಡಿಯನ್ನು ಹೈವೇಗೆ ಇಳಿಸಲು ಅವಳಿಗೆ ಧೈರ್ಯವಾಗಲಿಲ್ಲ. ಶನಿವಾರ, ಭಾನುವಾರ ಊರೊಳಗೇ ಸುತ್ತಿದಳು. ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು. ಭಾನುವಾರ ಸಂಜೆ ಮನಸ್ಸು ತಡೆಯದೆ ಡಿಕ್ಕಿ ತೆಗೆದಳು.

ಸ್ಟೆಪ್ನಿ ಇತ್ತು. ಸ್ಪಾನರ್ ಇತ್ತು. ಹಳೆಯ ಮ್ಯಾಟ್ ಇತ್ತು. ಸೆನ್ಸರು...?

ಮ್ಯಾಟ್ ಎತ್ತಿ ಕೊಡವಿದಳು. ಸೀಟಿನ ಕೆಳಗೆಲ್ಲ ತಡಕಾಡಿದಳು. ಒಂದೂ ಇಲ್ಲ!

"ಅಮ್ಮಾ, ಡಿಕ್ಕೀಲಿದ್ದ ಸೆನ್ಸರ್ ನೋಡಿದ್ಯಾ?"

"ನಿನ್ನ ಸೆನ್ಸರ್ರೋ ಗಿನ್ಸರ್ರೋ ನಂಗೇನೇ ಗೊತ್ತು?" ಎಂದರು ವೇದವತಮ್ಮ, ಹೂ ಕಟ್ಟುತ್ತಲೇ.

ರಂಜನಿಗೆ ಬೆಂಗಳೂರಿನವನ ಮಾತು ನೆನಪಾಯಿತು. ಸೆನ್ಸರಿನ ಆಸೆ ಅವಳಿಗಿರಲಿಲ್ಲ. ಆ ಒರೆಸಿದ ಕೈಗಳೂ ಸುಳ್ಳೇ? ಆ ಮೂವತ್ತಾರು ಮಾರ್ಕೂ ಸುಳ್ಳೇ?

ಸೋಮವಾರ ಬೆಳಗ್ಗೆ ಅಂಗಡಿಯಲ್ಲಿ ಹತ್ತು ಜನರಿದ್ದರು. ಅವಳಿಗೆ ಯಾರೂ ಕಾಣಲಿಲ್ಲ.

"ನನ್ನ ಹಳೇ ಸೆನ್ಸರ್ ಎಲ್ರೀ?"

"ಡಿಕ್ಕೀಲೇ ಮಡಗಿದ್ನಲ್ಲ ಮೇಡಂ..." ಮನುವಿನ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು.

'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!' ಎಂದು ಅವಳ ಮನಸ್ಸು ಕಿರುಚಿತು. ಪಾಪ, ಅವನಿಗೆ ಬೆವರು ಒರೆಸಿಕೊಳ್ಳಬೇಕಿತ್ತು, ಅಷ್ಟೆ.

"ಚೆನ್ನಾಗಿರೋದನ್ನ ಸತ್ತಿದೆ ಅಂದ್ರಿ. ನಾನು ನಂಬಿದೆ. ಈಗ ಅದನ್ನ ಯಾರಿಗೆ ಮಾರಿದ್ರಿ? ದೀಪ ಇನ್ನೂ ಉರೀತಿದೆ. ಹೊಸದಾದ್ರೂ ಹಾಕಿದ್ದೀರೋ ಇಲ್ವೋ?"

ಮನು ಜಾಕ್ ತಂದು ಒಂದು ಚಕ್ರ ಬಿಚ್ಚಿದ. ಟೈರು ಎಬ್ಬಿಸಿದ. ಒಳಗೆ ಹೊಸ ಸೆನ್ಸರು ಹೊಳೆಯುತ್ತ ಕೂತಿತ್ತು.

"ಇನ್ನ ಮೂರೂ ಬಿಚ್ಲಾ ಮೇಡಂ?"

"ಹಳೇದು ಎಲ್ಲಿ ಅಂತ ಕೇಳಿದ್ದು ನಾನು!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನೀವೂ ಅವನ ಥರಾನೇ... ಕಳ್ಳ!"

ಆ ಮಾತು ಬಿದ್ದ ಕೂಡಲೇ ಹತ್ತು ತಲೆಗಳೂ ಇತ್ತ ತಿರುಗಿದವು. ಷಡಕ್ಷರಿ ಗಲ್ಲಾ ಬಿಟ್ಟು ಎದ್ದು ಬಂದರು. "ಏನ್ಲಾ ಮನು? ನನ್ನ ಅಂಗಡಿಗೆ ಇಂಥ ಹೆಸ್ರು ತಂದ್ಬುಟ್ಯಲ್ಲೋ! ನಾಳೆಯಿಂದ ಬರಬ್ಯಾಡ ಕಣೋ."

ಮನು ಬಿಚ್ಚಿದ ಚಕ್ರವನ್ನು ಮತ್ತೆ ಕೂರಿಸಿದ. ನಟ್ಟುಗಳನ್ನು ಒಂದೊಂದಾಗಿ ಬಿಗಿದ. ಗಾಳಿ ನೋಡಿದ. ಎದ್ದು ಅವಳ ಕಡೆ ತಿರುಗಿದ.

"ದೀಪದ್ದು ಮಾತ್ರ ನಾನ್ ಯೋಳ್ದಂಗೆ ಮಾಡಿ. ನಿಮ್ ಗಾಡಿ ಚೆಂದಾಗೈತೆ."

ಟವೆಲ್ ಕೊಡವಿ ಹೊರಟುಹೋದ.

ಎಂಟು ದಿನ ಕಳೆಯಿತು. ಗೆದ್ದವಳಂತೆ ಇರಬೇಕಾದವಳು ಅನ್ನ ಮುಟ್ಟಲಿಲ್ಲ. ಟೂರುಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟಳು. ಕಳ್ಳನಾದರೆ ಮರೆಯಬೇಕು, ಕಳ್ಳನಲ್ಲದಿದ್ದರೆ... ಆ ಯೋಚನೆಯನ್ನು ಅವಳು ಪೂರ್ತಿ ಮಾಡುತ್ತಲೇ ಇರಲಿಲ್ಲ.

ಒಂಬತ್ತನೆಯ ದಿನ ಮಗಳ ಮುಂದೆ ಮುಟ್ಟದ ತಟ್ಟೆ ನೋಡಿ ವೇದವತಮ್ಮ ಗೊಣಗಿದರು. "ಮಾಟ ತೆಗೆದು ಹೊಳೆಗೆ ಹಾಕಿದ್ರೂ ಈ ಹುಡುಗಿ ಯಾಕಪ್ಪ ಹೀಗಾಗ್ತಿದಾಳೆ!"

ರಂಜನಿ ತಲೆಯೆತ್ತಿದಳು. "ಯಾವ ಮಾಟ?"

"ನಿಂಗೆ ಹೇಳಿದ್ರೆ ಹೆದರ್ಕೋತೀಯ ಅಂತ ಸುಮ್ನಿದ್ದೆ ಕಣೇ. ಶುಕ್ರವಾರ ರಾತ್ರಿ ಛತ್ರಿಗೆ ಅಂತ ನಿನ್ನ ಕಾರಿನ ಡಿಕ್ಕಿ ತೆಗೆದ್ರೆ, ಯಾರೋ ಇಟ್ಟಿದ್ರು. ಕೆಂಪು ಬಟ್ಟೆ ಗಂಟು! ಮೇಲೆ ಕುಂಕುಮ, ಪಕ್ಕದಲ್ಲಿ ನಿಂಬೆಹಣ್ಣು. ಬಿಚ್ಚಿದ್ರೆ ಒಳಗೆ ನಾಲ್ಕು ಕರೀ ಗಡ್ಡೆ, ಒಂದೊಂದಕ್ಕೂ ಮೊಳೆ ಚುಚ್ಚಿದ ಹಾಗೆ ಲೋಹದ ಕಡ್ಡಿ! ಎದೆ ಧಸಕ್ ಅಂತು. ಶನಿವಾರ ಬಸ್ಸಲ್ಲಿ ಹೊಳೆನರಸೀಪುರಕ್ಕೆ ಹೋಗಿ, ಸೇತುವೆ ಮೇಲಿಂದ ಹೇಮಾವತಿಗೆ ಹಾಕಿ, ಹಿಂದಕ್ಕೆ ತಿರುಗಿ ನೋಡದೆ ಬಂದೆ. ನರಸಿಂಹಸ್ವಾಮಿಗೆ ತುಪ್ಪದ ದೀಪಾನೂ ಹಚ್ಚಿಸಿದೆ!"

ನಾಲ್ಕು ಕರೀ ಗಡ್ಡೆ... ಲೋಹದ ಕಡ್ಡಿ... ವಾಲ್ವು! ಅಂಗಡಿಯ ಶುಕ್ರವಾರದ ಪೂಜೆ. ಪೂಜೆಯ ಬಟ್ಟೆ. ಕಾರಿಗೆ ದೃಷ್ಟಿಯಾಗದಿರಲಿ ಎಂದು ಅವನೇ ಇಟ್ಟ ನಿಂಬೆಹಣ್ಣು.

"ಅಮ್ಮಾ...! ಅದು ಮಾಟ ಅಲ್ಲಮ್ಮಾ! ಅದೇ ಸೆನ್ಸರ್ರು!"

ವೇದವತಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಅಯ್ಯೋ ನರಸಿಂಹ! ನಾನು ಯಾರದೋ ಮಾಟ ಅಂದ್ಕೊಂಡೆ..."

"ನಾನು ಕಳ್ಳತನ ಅಂದ್ಕೊಂಡೆ. ಇಬ್ರೂ ಒಂದೇ ಜಾತಿ ಬಿಡು ಅಮ್ಮ." ಅಳುತ್ತಲೇ ನಕ್ಕಳು ರಂಜನಿ. ನಗುತ್ತಲೇ ಮತ್ತೆ ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ಜನರ ಮುಂದೆ ಆಡಿದ್ದಳಲ್ಲ!

ಹಾಗಾದರೆ ಹತ್ತು ಜನರ ಮುಂದೆಯೇ ಹೇಳಬೇಕು ಎಂದು ಮರುದಿನ ಬೆಳಗ್ಗೆ ನೇರ ಅಂಗಡಿಗೆ ಹೋದಳು.

"ಎಲ್ಲರೂ ಕೇಳಿಸ್ಕೊಳ್ಳಿ" ಎಂದು ಜೋರಾಗಿ ಹೇಳಿದಳು. "ಮನು ಏನೂ ಕದ್ದಿಲ್ಲ. ಹಳೇ ಸೆನ್ಸರ್ ನಮ್ಮನೇಲೇ ಕಳೆದುಹೋಗಿತ್ತು. ಅವರನ್ನ ಕಳ್ಳ ಅಂದಿದ್ದು ನನ್ನ ತಪ್ಪು. ನನ್ನದೊಬ್ಬಳದೇ."

ಷಡಕ್ಷರಿ ಕನ್ನಡಕ ತೆಗೆದರು. "ನಂದೂ ತಪ್ಪೈತೆ ಕಣಮ್ಮ. ಇಚಾರಿಸ್ದೆ ಕಳಿಸ್ಬುಟ್ಟೆ. ಬಾಗೂರಲ್ಲವ್ನೆ. ನಾನೇ ಬಾ ಅಂದೆ ಅಂತ ಯೋಳು."

ಬಾಗೂರಿಗೆಂದು ಕಾರು ಚನ್ನರಾಯಪಟ್ಟಣದ ದಾರಿ ಹಿಡಿಯಿತು. ಟೀಗೂ ನಿಲ್ಲಿಸಲಿಲ್ಲ. ಫೋನ್ ಬಂದರೂ ಎತ್ತಲಿಲ್ಲ. 'ಅವನು ಮುಖ ತಿರುಗಿಸಿದರೆ? ಯಾರು ನೀನು ಎಂದರೆ?' ಕಣ್ಣು ಮಂಜಾಗುತ್ತಿತ್ತು. ಪಟ್ಟಣ ಇನ್ನೇನು ಬಂತು ಎನ್ನುವಾಗ ಕಣ್ಣೊರೆಸಿಕೊಂಡು ಮುಂದೆ ನೋಡಿದಳು.

ಹಳದಿ ದೀಪ ಇರಲಿಲ್ಲ!

ಅವನು ಹೇಳಿದ ಹಾಗೆಯೇ. ಅವನು ಹೇಳಿದ ದಾರಿಯಲ್ಲಿಯೇ. ಒಂದು ಸಲ, ಬರೀ ಒಂದು ಸಲ ಅವನ ಮಾತು ಕೇಳಿದ್ದರೆ ಸಾಕಿತ್ತಲ್ಲ! ರಂಜನಿ ಸ್ಟೀರಿಂಗ್ ಹಿಡಿದುಕೊಂಡೇ ಬಿಕ್ಕಿದಳು.

ಬಾಗೂರಿನ ಸಂತೆ ಮೈದಾನದ ಪಕ್ಕ ತಗಡಿನ ಶೆಡ್ಡು. ಮನು ಟ್ರ್ಯಾಕ್ಟರ್ ಚಕ್ರಕ್ಕೆ ಪಂಕ್ಚರ್ ಹಾಕುತ್ತಿದ್ದ. ಬುತ್ತಿ ತಂದಿದ್ದ ತಾಯಿ ನಂಜಮ್ಮ ಕಾರಿನಿಂದಿಳಿದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರವ್ವ ನೀನು? ಮತ್ತೇನ್ ಕಳೆದೋಯ್ತು?" ಎಂದರು. ಯಾರೆಂದು ಅವರಿಗೆ ಆಗಲೇ ಗೊತ್ತಾಗಿತ್ತು!

"ಅವ್ವ, ಸುಮ್ಕಿರು" ಎಂದ ಮನು. ಎದ್ದು ನಿಂತ. ಅವನ ಕಣ್ಣಲ್ಲೂ ಈಗ ಅನುಮಾನವಿತ್ತು. "ಏನ್ ಮೇಡಂ, ಇನ್ನ ಮೂರು ವೀಲ್ ಬಿಚ್ಚಿ ನೋಡ್ಬೇಕಿತ್ತಾ?"

ಆ ಮಾತು ಅವಳ ಎದೆಗೆ ನಾಟಿತು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಕೆಂಪು ಗಂಟು, ಹೊಳೆ, ತುಪ್ಪದ ದೀಪ, ಷಡಕ್ಷರಿಯ ಅಂಗಡಿ, ಎಲ್ಲ. ಮಾಟದ ಮಾತು ಬಂದಾಗ ನಂಜಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು.

"ನಾನಾಗಿದ್ರೂ ಹೊಳೆಗೇ ಬಿಸಾಕ್ತಿದ್ದೆ ಕಣವ್ವ. ಲೇ ಮನು, ಕೆಂಪು ಬಟ್ಟೇಲಿ ಕಟ್ಟಿ ನಿಂಬೆಹಣ್ಣು ಯಾಕ್ಲಾ ಮಡಗ್ದೆ?" ಎನ್ನುತ್ತ ಬುತ್ತಿ ಬಿಚ್ಚುವ ನೆಪದಲ್ಲಿ ಅತ್ತ ನಡೆದರು.

ಮನು ನಗಲಿಲ್ಲ. "ಸೆನ್ಸರ್ ಕಳೆದೋದ್ರೆ ಓಯ್ತು ಮೇಡಂ. ನೀವು ಕಳ್ಳ ಅಂದಾಗ ನಂಗೆ ಕೆಲಸದ್ದು ಸಂಕಟ ಆಗ್ಲಿಲ್ಲ. ಆ ಮಾತು ನಿಮ್ ಬಾಯಲ್ಲಿ ಬಂತಲ್ಲ ಅಂತ... ಇನ್ಯಾರು ಅಂದಿದ್ರೂ ನಾನು ಊರು ಬಿಡ್ತಿರ್ಲಿಲ್ಲ."

"ಯಾಕೆ?" ಎಂದಳು ರಂಜನಿ, ಕೇಳಿಸದಷ್ಟು ಮೆಲ್ಲಗೆ.

ಅವನು ಟವೆಲ್ ತೆಗೆದು ಕೈ ಒರೆಸಿಕೊಂಡ. ಒಂದು ಸಲ. ಎರಡು ಸಲ. ಮೂರು ಸಲ. "ಹದಿನೈದು ದಿನ 'ಬಂತಾ' ಅಂತ ಬತ್ತಿದ್ರಲ್ಲ... ಸೆನ್ಸರ್ ಹನ್ನೊಂದನೇ ದಿನಕ್ಕೇ ಬಂದಿತ್ತು."

ರಂಜನಿಯ ಕಣ್ಣರಳಿತು. "ಸುಳ್ಳು ಹೇಳಿದ್ರಾ!"

"ಅದೊಂದೇ ಸುಳ್ಳು. ನಾಕ್ ದಿನ ಕದ್ದೆ. ಅಷ್ಟಕ್ಕೆ ಬೇಕಾದ್ರೆ ಕಳ್ಳ ಅನ್ನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬ್ಯಾಗಿನೊಳಗೆ ಕೈಹಾಕಿ ಕೆಂಪು ಶೀಶೆ ತೆಗೆದಳು. ಅವನ ಬಲಗೈ ಹಿಡಿದು, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಬೊಟ್ಟಿಟ್ಟಳು.

"ಇದೇನ್ ಮೇಡಂ?"

"ಗುರುತು. ನನ್ನದಕ್ಕೆಲ್ಲ ಹಾಕ್ತೀನಲ್ಲ... ಮೇಡಂ ಅಲ್ಲ. ರಂಜನಿ."

ಅವನು ಉಗುರನ್ನು ನೋಡಿದ. ಬಿಳಿ ಕಾರಿನ ಕಡೆ ನೋಡಿದ. ಕೊನೆಗೆ ಅವಳನ್ನು ನೋಡಿದ.

"ದೀಪ ಆರ್ತಾ, ರಂಜನಿ?"

"ಪಟ್ಟಣದ ಹತ್ರ ಬರುವಾಗಲೇ ಆರಿತು."

"ಸರ್ಯಾಗಿ ನೋಡಿದ್ರಾ? ನಾನು ಬಂದು ಒಂದ್ಸತಿ..."

"ಬೇಡ" ಎಂದಳು ಅವಳು, ಅವನ ಕೈ ಬಿಡದೆ. "ನೀವು ಆರುತ್ತೆ ಅಂದಿದ್ರಲ್ಲ. ಅಷ್ಟು ಸಾಕು."