ಪೀಠಿಕಿ ಸಾಕು, ಮಾತು ಹೇಳ್ರಿ

"ಪೀಠಿಕಿ ಸಾಕ್ರಿ ಸರ್... ಹುಗ್ಗಿ ಆರಾಕತ್ತದ!"

ಐಶ್ವರ್ಯ ಹೇಳಿದ್ದು ಪಿಸುಮಾತಿನಲ್ಲಿ. ಆದರೆ ಹಾಳಾದ ಮೈಕು ಅದನ್ನು ಇಡೀ ಸಭೆಗೆ ಕೇಳಿಸಿಬಿಟ್ಟಿತು!

ಬಸವಕಲ್ಯಾಣದಲ್ಲಿ ಅಂದು ಮಕ್ಕಳ ವಚನ ಗಾಯನದ ಬಹುಮಾನ ಸಮಾರಂಭ. ನಿರೂಪಣೆಗೆಂದು ಹುಮನಾಬಾದಿನಿಂದ ಬಂದವಳು ಐಶ್ವರ್ಯ. ಪ್ರಾಸ್ತಾವಿಕ ನುಡಿಗೆ ನಿಂತವನು ಅಲ್ಲಿಯ ಕನ್ನಡ ಮಾಸ್ತರ ವೀರಭದ್ರ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಮುಖ ಕೆಂಪಾಯಿತು. ಅವನೂ ನಕ್ಕು, ಕೈಮುಗಿದು ವೇದಿಕೆ ಇಳಿದ.

ಊಟದ ಪಂಕ್ತಿಯಲ್ಲಿ ಹುಗ್ಗಿಯ ಬಕೆಟ್ ಹಿಡಿದು ಎದುರಿಗೆ ಬಂದವನೂ ಅವನೇ.

"ತಗೋರಿ, ಬಿಸಿ ಅದ. ನಿಮ್ಮ ಪುಣ್ಯಾ."

"ತಪ್ಪಾತ್ರಿ ಸರ್... ಆದ್ರ ಅಷ್ಟುದ್ದ ಪೀಠಿಕಿ ಯಾಕ್ರಿ?"

"ಪೀಠಿಕಿ ಅಂದ್ರ ಏನಂತ ತಿಳದೀರಿ?"

"ಸುತ್ತಿ ಬಳಸಿ ಮಾತಾಡೋದು!"

ಅವನು ಬಕೆಟ್ ಕೆಳಗಿಟ್ಟ. "ಅಲ್ರಿ. ಪೀಠ ಅಂದ್ರ ಕೂಡೋ ಜಾಗ. ಅದರಿಂದ ಬಂದದ್ದು ಪೀಠಿಕಾ. ಸಂಸ್ಕೃತದಾಗ ಹಂಗಂದ್ರ ಕೂಡೋ ಸಣ್ಣ ಮಣಿ, ಊಟಕ್ಕ ಕೂಡಾಕ ಹಾಕ್ತೀವಲ್ಲ ಅದು. ಮೂರ್ತಿ ಕೆಳಗಿನ ಕಟ್ಟಿಗೂ ಅದೇ ಹೆಸರು. ಆಮ್ಯಾಲ ಪುಸ್ತಕದ ಮೊದಲಿನ ಮಾತಿಗೂ ಬಂತು. ಬರೋ ಮಾತು ದೊಡ್ಡದಿದ್ರ, ಅದಕ್ಕ ಮೊದಲು ಮಣಿ ಹಾಕಬೇಕಲ್ರಿ?"

ಐಶ್ವರ್ಯಳ ಎಲೆಯಲ್ಲಿ ಹುಗ್ಗಿ ಆರಿಹೋಯಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ!

ಮುಂದೆ ಮಂಠಾಳ, ಹುಲಸೂರ... ಯಾವ ಸಭೆಯಾದರೂ ಅವನ ನುಡಿ, ಅವಳ ನಿರೂಪಣೆ. ಮುಗಿದ ಮೇಲೆ ಬಸ್ಸಿನವರೆಗೆ ಬಿಡಲು ಬರುತ್ತಿದ್ದ. "ನಿಮಗೊಂದು ಮಾತು ಹೇಳಬೇಕಿತ್ರಿ..." ಎಂದು ಶುರು ಮಾಡಿ, ಸಾಲಿ ಮಕ್ಕಳು, ಈ ಸಲದ ತೊಗರಿ ಎಂದು ಊರೆಲ್ಲ ಸುತ್ತುತ್ತಿದ್ದ. ಅಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು!

*ಯಾವಾಗ ಹೇಳ್ತಾನ ಇವಾ?* ಕಿಟಕಿಯಾಚೆ ನೋಡುತ್ತಾ ಅವಳು ತನ್ನೊಳಗೇ ನಗುತ್ತಿದ್ದಳು.

ಒಂದು ಭಾನುವಾರ ಅವ್ವ ಸೂಗಮ್ಮ ಹೇಳಿದಳು, "ಬಸವಕಲ್ಯಾಣದಿಂದ ಬಕ್ಕಪ್ಪನವರು ಹುಡುಗನ್ನ ಕರಕೊಂಡು ಬರಾಕತ್ತಾರ. ಸೀರಿ ಉಟ್ಕೋ."

ಅವರು ಬಂದು ಕುಳಿತಾಗ ಐಶ್ವರ್ಯ ಬಾಗಿಲ ಸಂದಿಯಿಂದ ಇಣುಕಿದಳು. ಹಿರಿಯರಾದ ಬಕ್ಕಪ್ಪ, ಇಸ್ತ್ರಿ ಅಂಗಿಯ ಯಾರೋ ಒಬ್ಬ, ಅವರ ಜೊತೆಗೆ... ವೀರಭದ್ರ!

ಸಂಬಂಧ ಕೇಳಲು ಹೋಗುವಾಗ ಮಾತು ತೆಗೆಯಲು ಬಲ್ಲವನೊಬ್ಬ ಜೊತೆಗಿರಬೇಕೆಂಬುದು ಆ ಕಡೆಯ ರೂಢಿ. ಮೋರಖಂಡಿಯ ತನ್ನ ಗೆಳೆಯ ಅಂಬರೀಷನ ಸಂಬಂಧಕ್ಕೂ ಮಾತು ತೆಗೆದವನು ವೀರಭದ್ರನೇ. ಈಗ ಇನ್ಯಾರಿಗೋ ತನ್ನನ್ನು ಕೇಳಲು ಬಂದಿದ್ದಾನೆ!

ಪಡಸಾಲೆಯಲ್ಲಿ ಅವನು ಶುರು ಮಾಡಿದ. ಹುಡುಗನ ಮನೆತನ, ಹೊಲ, ಅಜ್ಜ ಸಾಕಿದ ಎತ್ತು... ಒಂದೊಂದು ಮಾತೂ ಅವಳನ್ನು ಚುಚ್ಚಿತು. *ಇಷ್ಟು ದಿನ ನನ್ನ ಕಣ್ಣಾಗ ಏನೂ ಕಾಣಲಿಲ್ಲೇನು ಇವಗ?*

ಕಣ್ಣೊರೆಸಿಕೊಂಡು, ಚಹಾ ತಟ್ಟೆ ಹಿಡಿದು ಹೊರಗೆ ಬಂದಳು.

"ಸಾಕ್ರಿ ಸರ್! ಕಂಡೋರ ಪರವಾಗಿ ನನ್ನ ಮುಂದ ಮಾತಾಡಬ್ಯಾಡ್ರಿ. ನನಗ ಈ ಹುಡುಗ ಬ್ಯಾಡ!"

ಅವಳ ಬೆರಳು ಇಸ್ತ್ರಿ ಅಂಗಿಯವನ ಕಡೆಗಿತ್ತು. ಅವನ ಬಾಯಲ್ಲಿದ್ದ ಅವಲಕ್ಕಿ ಚೂಡಾ ನೆತ್ತಿಗೇರಿತು.

"ಅಯ್ಯೋ ತಂಗಿ, ನನ್ನ ಹೆಸರು ಶ್ರೀಮಂತ... ನಾನು ವೀರಭದ್ರನ ಅಣ್ಣಾ! ನನಗ ಎರಡು ಮಕ್ಕಳದಾವ! ನಮ್ಮಾಕಿ ಕೇಳಿದ್ರ ಮನ್ಯಾಗ ಕರಕೊಳ್ಳಂಗಿಲ್ಲ!"

ಬಕ್ಕಪ್ಪ ಹಣೆ ಚಚ್ಚಿಕೊಂಡರು. "ನಮ್ಮ ತಂಗಿ ಮಗ ಈ ವೀರಭದ್ರನೇ ಹುಡುಗ ಅವ್ವಾ! ಎಲ್ಲಾರಿಗೂ ತಾನೇ ಮಾತು ತೆಗಿತಾನ, ತನಗೂ ತಾನೇ ತೆಗಿತೀನಿ ಅಂದಾ. ಎತ್ತಿನ ಹೆಸರು ಹೇಳಿದಾ, ತನ್ನ ಹೆಸರು ಬಾಯಿಗೇ ಬರವಲ್ದು!"

ಪಡಸಾಲೆ ನಗೆಯಲ್ಲಿ ಮುಳುಗಿತು. ವೀರಭದ್ರ ನೆಲ ನೋಡುತ್ತಾ ನಿಂತಿದ್ದ.

ಐಶ್ವರ್ಯ ಒಳಗೆ ಓಡಿದಳು. ಮರಳಿ ಬಂದಾಗ ಅವಳ ಕೈಯಲ್ಲಿ ಊಟದ ಮಣೆ! ಅದನ್ನು ಅವನ ಮುಂದಿಟ್ಟಳು.

"ಮಣಿ ನಾನು ಹಾಕೇನಿ. ಕೂಡ್ರಿ. ಈಗ ಮಾತು ಹೇಳ್ರಿ."

ಅವನು ಕುಳಿತ. ತಲೆಯೆತ್ತಿ ನೋಡಿದ.

"ನನ್ನ ಮದುವಿ ಆಗ್ತೀರೇನ್ರಿ?"

"ಇಷ್ಟ ಸಣ್ಣ ಮಾತಿಗೆ ಅಷ್ಟುದ್ದ ಪೀಠಿಕಿ?"

"ಸಣ್ಣದಲ್ರಿ... ನನ್ನ ಹತ್ರ ಇದಕ್ಕಿಂತ ದೊಡ್ಡ ಮಾತಿಲ್ಲ."

ಅವಳ ಕಣ್ಣು ತುಂಬಿ ಬಂತು, ತುಟಿ ನಕ್ಕಿತು.

"ಹೂಂ ರಿ... ಇನ್ನ ಮ್ಯಾಲ ಸಾಕು ಅನ್ನಂಗಿಲ್ಲ. ಹುಗ್ಗಿ ಆರಿದ್ರೂ ಕಡೀತನಕ ಕೇಳ್ತೀನಿ."