ಅವನು ಬಿದ್ದ ಸದ್ದು

ಬಾಗಿಲು ದೂಡಿಕೊಂಡೇ ಅವನು ಒಳಗೆ ನುಗ್ಗಿದ. ಒಂದು ಕೈಯಲ್ಲಿ ಕಪ್ಪು ಕನ್ನಡಕ, ಇನ್ನೊಂದರಲ್ಲಿ ಕಿತ್ತುಕೊಂಡು ಬಂದ ವಿಗ್ಗು. ಮುಖ ಬಿಳಿಚಿಹೋಗಿತ್ತು.

"ಯಾರನ್ನ ಹೊಡೀತಾ ಇದೀರಿ ಇಲ್ಲಿ?"

ಕತ್ತಲ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಕೈಯಲ್ಲಿ ಬೆತ್ತ, ಎದುರಿಗೆ ನೀರಲ್ಲಿ ನೆನೆಸಿದ ಹಳೇ ಚರ್ಮದ ಚೀಲ. ಅವಳು ಪರದೆಯತ್ತ ಬೆತ್ತ ತೋರಿಸಿದಳು.

"ನಿಮ್ಮನ್ನೇ."

ಪರದೆಯ ಮೇಲೆ ಅವನೇ ಏಟು ತಿನ್ನುತ್ತಿದ್ದ... ಸದ್ದೇ ಇಲ್ಲದೆ.

ಆ ಕಂಪನಿಯ ಕುಂಗ್ ಫೂ ಸಿನಿಮಾಗಳು ಹಾಗೇ ತಯಾರಾಗುತ್ತಿದ್ದವು. ಶೂಟಿಂಗಿನಲ್ಲಿ ಸದ್ದು ಹಿಡಿಯುವಷ್ಟು ಬಂಡವಾಳ ಯಜಮಾನನಿಗಿರಲಿಲ್ಲ, ಅಥವಾ ಮನಸ್ಸಿರಲಿಲ್ಲ. ಹೊಡೆತ, ಉಸಿರು, ಕೂಗು, ಮಾತು ಎಲ್ಲ ಆಮೇಲೆ ಅವಳ ಕೋಣೆಯಲ್ಲಿ ಹುಟ್ಟಬೇಕು. ಚೀಲಕ್ಕೆ ಬಾರಿಸಿದರೆ ಗುದ್ದು. ಹಸಿ ಮೂಲಂಗಿ ಮುರಿದರೆ ಎಲುಬು. ಮರಳಿನ ಮೂಟೆ ಎತ್ತಿ ಹಾಕಿದರೆ, ಮೇಲಿಂದ ಬಿದ್ದ ಮನುಷ್ಯ.

ಸತ್ತುಹೋದ ಒಬ್ಬ ದೊಡ್ಡ ನಟನ ಹೆಸರಲ್ಲಿ ಜನ ಇನ್ನೂ ಟಿಕೆಟ್ ಕೊಳ್ಳುತ್ತಿದ್ದರು. ಅದಕ್ಕೇ ಯಜಮಾನ ಅವನಂತೆ ಕಾಣುವ ಮೂವರನ್ನು ಇಟ್ಟುಕೊಂಡಿದ್ದ. ಅವರಿಗೆ ಹೆಸರೂ ಇರಲಿಲ್ಲ. ಒಂದನೆಯವ, ಎರಡನೆಯವ, ಮೂರನೆಯವ. ಒಬ್ಬನ ಕೈ ಮುರಿದರೆ ಮರುದಿನ ಅದೇ ವಿಗ್ಗು ಇನ್ನೊಬ್ಬನ ತಲೆಗೆ. ಥೂ, ಹಳೇ ಚಪ್ಪಲಿ ಬದಲಾಯಿಸುವಾಗಲೂ ಮನುಷ್ಯ ಒಂದು ಗಳಿಗೆ ಯೋಚಿಸುತ್ತಾನೆ.

ನುಗ್ಗಿ ಬಂದವನು ಮೂರನೆಯವ.

ನೋಡುವವರಿಗೆ ಮೂವರೂ ಒಂದೇ. ಅವಳಿಗಲ್ಲ. ಏಟು ಬೀಳುವ ಮುಂಚೆ, ಕನ್ನಡಕ ಇಲ್ಲದ ಶಾಟ್‌ಗಳಲ್ಲಿ, ಇವನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

'ಇವನಿಗೂ ಹೆದರಿಕೆ ಆಗುತ್ತೆ... ನನ್ನ ಹಾಗೇ.'

ಪಕ್ಕದ ಕೋಣೆಯಲ್ಲಿ ಫಿಲ್ಮ್ ಕತ್ತರಿಸಿ ಜೋಡಿಸುತ್ತಿದ್ದವನು ಅವಳ ಸೋದರಮಾವ. ಕತ್ತರಿಸುವ ಮುಂಚೆ ಇಡೀ ರೀಲನ್ನು ಏಟು ಎಣಿಸಲು ಅವಳಿಗೆ ತೋರಿಸುತ್ತಿದ್ದ. ಡೈರೆಕ್ಟರು ನಿಲ್ಲಿಸು ಎಂದ ಮೇಲೂ ಕ್ಯಾಮೆರಾ ನಾಲ್ಕಾರು ಕ್ಷಣ ಓಡುತ್ತದಲ್ಲ, ಆ ತುಂಡಿಗೆ ಅವರು ಬಾಲ ಅನ್ನುತ್ತಿದ್ದರು. ಮಾವನ ಕತ್ತರಿಗೆ ಮೊದಲ ಬಲಿ ಅದೇ. ಅದನ್ನು ಕೊನೆತನಕ ನೋಡುವವಳು ಅವಳೊಬ್ಬಳೇ ಎಂದು ಅಂದು ಮಾತಿನ ಮಧ್ಯೆ ಮೂರನೆಯವನಿಗೆ ತಿಳಿಯಿತು.

ಮುಂದಿನ ವಾರದ ರೀಲು. ಹೊಡೆದಾಟ ಮುಗಿಯಿತು. ಬಾಲದಲ್ಲಿ ಅವನು ಕನ್ನಡಕ ತೆಗೆದು, ನೇರ ಕ್ಯಾಮೆರಾ ನೋಡಿ, ತುಟಿ ಆಡಿಸಿದ.

ಹತ್ತು ವರ್ಷ ಬಾಯಿ ನೋಡಿ ಮಾತು ಕೂಡಿಸಿದವಳಿಗೆ ಅದೇನು ಕಷ್ಟ?

ಊಟ ಆಯ್ತಾ, ಅಂದಿದ್ದ.

ಅವಳು ನಕ್ಕುಬಿಟ್ಟಳು. ಇನ್ನೊಂದು ದಿನ, ಇವತ್ತು ನಿಜವಾಗ್ಲೂ ನೋವಾಯ್ತು ಅಂದ. ಮತ್ತೊಂದು ದಿನ, ಇವರಿಗಿಂತ ನಿಮ್ಮ ಬೆತ್ತವೇ ವಾಸಿ ಅಂದ. ಮಾವ ಬಾಲಗಳನ್ನು ಎಸೆಯುವುದು ಬಿಟ್ಟು ತಗಡಿನ ಡಬ್ಬಿಗೆ ಹಾಕಿ ಕೊಡತೊಡಗಿದ. "ತಗೊಳಮ್ಮಾ, ನಿನ್ನ ಟಪಾಲು ಬಂತು."

ಆಮೇಲೆ ಬಂತು ಆ ಹಾರುವ ಶಾಟು.

ನಾಲ್ಕನೇ ಮಹಡಿಯಿಂದ ರಟ್ಟಿನ ಪೆಟ್ಟಿಗೆಗಳ ಮೇಲೆ. ಸತ್ತ ನಟ ಬಲೆಯಿಲ್ಲದೆ ಹಾರುತ್ತಿದ್ದನಂತೆ, ಅದಕ್ಕೆ ಇಲ್ಲೂ ಬಲೆ ಬೇಡವಂತೆ. ನಾಲ್ಕನೇ ಮಹಡಿ ಮಾತ್ರ ಯಜಮಾನ ಹತ್ತಿ ನೋಡಿರಲಿಲ್ಲ.

ಮೆಟ್ಟಿಲ ಬಳಿಯ ನಲ್ಲಿಯ ಹತ್ತಿರ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಹಾರಬೇಡ."

"ನಾನು ಹಾರದಿದ್ರೆ ಎರಡನೆಯವನನ್ನ ಹತ್ತಿಸ್ತಾರೆ. ಅವನಿಗೆ ಸ್ಟೂಲ್ ಹತ್ತಿದ್ರೂ ತಲೆ ಸುತ್ತುತ್ತೆ."

"ನಿನಗೆ ಭಯ ಇಲ್ವಾ?"

"ಇದೆ. ಅದಕ್ಕೇ ಕೇಳು. ಬಿದ್ದ ಮೇಲೆ ಬಾಲದಲ್ಲಿ ನಿನಗೊಂದು ಮಾತು ಹೇಳ್ತೀನಿ. ಅದನ್ನ ನೋಡಿಯೇ ಸದ್ದು ಹಾಕು. ಅಲ್ಲಿವರೆಗೂ ಹಾಕಬೇಡ."

ಫಿಲ್ಮು ತೊಳೆದು ಬರಲು ಮೂರು ದಿನ. ಅವಳು ನೋಡುವುದೆಲ್ಲ ಆಗಲೇ ನಡೆದುಹೋಗಿರುತ್ತದೆ! ಅವನ ಸುದ್ದಿ ಯಾರೂ ಹೇಳಲಿಲ್ಲ. ಕೇಳಿದರೆ ಯಜಮಾನ ಶೂಟಿಂಗ್ ಬೇರೆ ಕಡೆ ಇದೆ ಎಂದ.

ರೀಲು ಬಂತು.

ಪರದೆಯ ಮೇಲೆ ಅವನು ಅಂಚಿಗೆ ಬಂದ. ಎಡಗಣ್ಣು ಮುಚ್ಚಿತು. ಹಾರಿದ. ಪೆಟ್ಟಿಗೆಗಳ ರಾಶಿ ಒಂದು ಪಕ್ಕಕ್ಕೆ ಜಾರಿತು... ಅವನ ಗಲ್ಲ ಸಿಮೆಂಟಿನ ಅಂಚಿಗೆ ಬಡಿಯಿತು. ಸದ್ದಿಲ್ಲ. ಅವನು ಅಲುಗಲಿಲ್ಲ. ಜನ ಓಡಿಬಂದರು. ಬಾಲದಲ್ಲಿ ಯಾರದೋ ಅಂಗೈ ಬಂದು ಲೆನ್ಸು ಮುಚ್ಚಿತು.

ಅಷ್ಟೇ. ಮಾತಿಲ್ಲ.

ಅವಳು ಮತ್ತೆ ಓಡಿಸಿದಳು. ಮತ್ತೆ. ಏಳನೇ ಸಲಕ್ಕೆ ಮಾವನೇ ಬಂದು ಮೆಷಿನ್ ನಿಲ್ಲಿಸಿದ. ಜೊತೆಗೇ ಬಂದ ಇನ್ನೊಂದು ರೀಲು ಹಾಕಿ, ನೋಡಮ್ಮಾ, ಇದು ಅವನು ಬಿದ್ದ ಮೇಲೆ ತೆಗೆದದ್ದು, ಓಡಾಡಿಕೊಂಡಿದ್ದಾನೆ ಎಂದ.

ಹೌದು! ಅದೇ ಕೂದಲು, ಅದೇ ಬಟ್ಟೆ, ಲಗುಬಗೆಯ ಹೊಡೆದಾಟ. ಅವಳ ಎದೆ ಹಗುರಾಯಿತು. ಮರುಕ್ಷಣ ಸಿಟ್ಟು ಉರಿಯಿತು. ಬಾಲದಲ್ಲಿ ಅವನು ಕ್ಯಾಮೆರಾದತ್ತ ತಿರುಗಿಯೂ ನೋಡದೆ ಸಿಗರೇಟು ಹಚ್ಚಿಕೊಂಡು ಹೋಗಿಬಿಟ್ಟ.

'ಇಷ್ಟೇನಾ? ಎಲ್ಲ ಆಟವೇ ಆಗಿತ್ತಾ?'

ಸಿಟ್ಟಿನಲ್ಲೇ ಮತ್ತೊಮ್ಮೆ ನೋಡಿದಳು. ಏಟು ಬಿತ್ತು. ಎಡಗಣ್ಣು ಮುಚ್ಚಲಿಲ್ಲ.

ಇವನು ಎರಡನೆಯವ.

ವಿಗ್ಗು ಬದಲಾಗಿದೆ. ಹಾಗಾದರೆ ಅವನು...?

ಯಜಮಾನ ಬಂದು, ಬಿದ್ದ ಸದ್ದು ಬೇಗ ಹಾಕು, ಹೆಣ ಬಿದ್ದ ಹಾಗಿರಬೇಕು ಎಂದ. ಮೂರನೆಯವನೆಲ್ಲಿ ಎಂದು ಕೇಳಿದ್ದಕ್ಕೆ, ಊರಿಗೆ ಹೋದ, ಅವನ ಹಾಗಿರೋರು ಬೇಕಾದಷ್ಟು ಸಿಗ್ತಾರೆ ಎಂದ.

ಅವಳು ರೀಲಿನ ಡಬ್ಬ ಎತ್ತಿ ಎದೆಗವುಚಿಕೊಂಡಳು. ಹಲ್ಲು ಕಟಕಟ ಅನ್ನುತ್ತಿದ್ದವು, ಆದರೂ ಮಾತು ನಿಲ್ಲಲಿಲ್ಲ.

"ಅವನು ಎಲ್ಲಿದಾನೆ ಹೇಳಿ. ಇಲ್ಲದಿದ್ರೆ ಇದನ್ನ ಅಂಗಳದಲ್ಲಿ ಹಾಕಿ ಬೆಂಕಿ ಹಚ್ತೀನಿ. ಆಮೇಲೆ ನಾಲ್ಕನೇ ಮಹಡಿಯಿಂದ ನೀವೇ ಹಾರಿ."

ಮಾವ ಸದ್ದಿಲ್ಲದೆ ಬಂದು ಅವಳ ಪಕ್ಕ ನಿಂತ. ಕೈಯಲ್ಲಿ ಕತ್ತರಿ ಇತ್ತು. ಯಜಮಾನ ಆಸ್ಪತ್ರೆಯ ದಾರಿ ಹೇಳಿದ.

ವಾರ್ಡಿನ ಉದ್ದಕ್ಕೂ ಅವಳು ಹಾಸಿಗೆಗಳನ್ನು ಎಣಿಸುತ್ತ ನಡೆದಳು. ಮುಖದ ಮೇಲೆ ಹೊದಿಕೆ ಎಳೆದಿದ್ದ ಕಡೆಯೆಲ್ಲ ಬಗ್ಗಿ ನೋಡಿದಳು. ಕೊನೆಯ ಹಾಸಿಗೆಯಲ್ಲಿ ಅವನಿದ್ದ. ತಲೆ ಬೋಳಿಸಿದ್ದರು. ದವಡೆಗೆ ತಂತಿ ಬಿಗಿದಿದ್ದರು. ಮೊದಲ ಸಲ ಅವನು ಇನ್ಯಾರ ಹಾಗೂ ಕಾಣಲಿಲ್ಲ.

ಆರು ವಾರ ಮಾತಾಡಿಸಬೇಡಿ ಎಂದು ನರ್ಸ್ ಹೇಳಿ ಹೋದಳು. ಅವನ ಕಣ್ಣು ಅವಳ ಕೈಯಲ್ಲಿದ್ದ ರೀಲಿನ ಡಬ್ಬದ ಮೇಲೆ ನಿಂತಿತು. ತುಟಿ ಮಾತ್ರ ಆಡಿತು. ಸದ್ದು ಹಾಕಿದ್ಯಾ?

"ಇಲ್ಲ. ನೀನು ಹೇಳ್ತೀನಿ ಅಂದ ಮಾತು ಬರಲಿಲ್ಲವಲ್ಲ," ಎಂದಳು. ಮೂರು ದಿನದಿಂದ ತಡೆದಿದ್ದ ಅಳು ಈಗ ಒಡೆಯಿತು. "ಈಗ ಹೇಳು."

ಅವನು ನಿಧಾನಕ್ಕೆ ತುಟಿ ಆಡಿಸಿದ. ಪಕ್ಕದ ಹಾಸಿಗೆಯ ಮುದುಕ ಕುತ್ತಿಗೆ ಚಾಚಿದ.

"ಏನಂತಾನಮ್ಮಾ ಅವನು?"

ಊರಿನವರಿಗೆಲ್ಲ ದನಿ ಕೊಟ್ಟವಳು ಅಂದು ಅವನ ತುಟಿಗೂ ದನಿ ಕೊಟ್ಟಳು.

"ಜೊತೆಗೆ ಇರ್ತೀಯಾ... ಅಂತ ಕೇಳ್ತಿದಾನೆ, ತಾತ."

"ಇರ್ತೀಯಾ ಮತ್ತೆ?"

ಅವಳು ಮೂರನೆಯವನನ್ನು ನೋಡಿದಳು. ಅವನ ಎಡಗಣ್ಣು ಮುಚ್ಚಿಕೊಂಡಿತ್ತು, ಏಟಿಗೆ ಕಾಯುವಂತೆ.

ಅವಳು ಬಾಗಿ, ಅವನೊಬ್ಬನಿಗೇ ಕಾಣುವಂತೆ, ಸದ್ದಿಲ್ಲದೆ ತುಟಿ ಆಡಿಸಿದಳು. ಇರ್ತೀನಿ.

ಎಡಗಣ್ಣು ಮೆಲ್ಲಗೆ ತೆರೆಯಿತು.

"ನನಗೇನೂ ಕೇಳಿಸ್ಲಿಲ್ಲಮ್ಮಾ," ಎಂದು ಮುದುಕ ಗೊಣಗಿದ.